ಕತ್ತಲಲ್ಲೇ ಮುಗಿದ ಕೀರ್ತನೆ

ಬೈಬಲ್‌ನ ಕೀರ್ತನೆಯೊಂದನ್ನು ಗಟ್ಟಿಯಾಗಿ ಓದುತ್ತ ಪುಟದ ಕೊನೆಗೆ ಬಂದ ನಾನು, ಸಮಾಧಾನದ ಮಾತು ಮುಂದಿರಬಹುದೆಂದು ಪುಟ ತಿರುವಿದೆ. ಎದುರಿಗೆ ಕೂತಿದ್ದ ಹಿರಿಯ ಆಪ್ತಸಲಹೆಗಾರ್ತಿ, ಹೈದರಾಬಾದಿನ ಬೇಗಂಪೇಟೆಯ ತಮ್ಮ ಮನೆಯ ಮೇಲೆ ಹಾದ ವಿಮಾನದ ಸದ್ದು ಅಡಗಿದ ಮೇಲೆ ನನ್ನ ಕೈ ಹಿಡಿದರು.

"ಮುಂದ ಏನೂ ಇಲ್ಲ ತಂಗಿ. ಈ ಕೀರ್ತನಿಯ ಗೋಳು ಕತ್ತಲ್ಯಾಗ ಮುಗಿತೈತಿ. ಇದರಾಗ ಇಲ್ಲದ ಸಮಾಧಾನ ನಾ ಹ್ಯಾಂಗ ಸೇರಿಸಲಿ?"

ಜ್ವರದಲ್ಲಿ ಮಗಳು ತೀರಿಕೊಂಡ ಮೇಲೆ ನಾನು ಕಂಡ ಎರಡನೆಯ ಸಲಹೆಗಾರ್ತಿ ಇವರು. ಅಮೀರ್‌ಪೇಟ್‌ನಲ್ಲಿದ್ದ ಮೊದಲಿನವರು ಬೈಬಲ್ ಮುಚ್ಚಿಟ್ಟುಕೊಂಡೇ, ನಮ್ಮ ವಿಶ್ವಾಸ ಸಾಲದ್ದಕ್ಕೆ ಮಗು ಉಳಿಯಲಿಲ್ಲ ಎಂದಿದ್ದರು. ಅಂದಿನಿಂದ ನಮ್ಮ ಯಜಮಾನರು ಚರ್ಚಿನ ಮೆಟ್ಟಿಲು ಹತ್ತಿಲ್ಲ, ನನ್ನೊಡನೆ ಸರಿಯಾಗಿ ಮಾತೂ ಆಡಿಲ್ಲ. ಅದಕ್ಕೇ ಈ ಸಲ, ಬೈಬಲ್‌ನಲ್ಲಿ ಇದ್ದದ್ದನ್ನಷ್ಟೇ ಹೇಳುವವರು ಬೇಕೆಂದು ಹುಡುಕಿಕೊಂಡು ಬಂದಿದ್ದೆ. ಸಿಕ್ಕರು. ಆದರೆ ಅದರಲ್ಲಿ ಇದ್ದದ್ದು ಇಷ್ಟೇ.

ಮನೆಗೆ ಬಂದು ಅದೇ ಕೀರ್ತನೆಯನ್ನು ತೆರೆದು ಯಜಮಾನರ ಮುಂದಿಟ್ಟೆ. ತುಂಬಾ ಹೊತ್ತು ಓದಿದರು. ಆಮೇಲೆ ಅವರೂ ನನ್ನಂತೆಯೇ ಪುಟ ತಿರುವಿದರು. ಮುಂದೆ ಏನೂ ಇಲ್ಲವೆಂದು ಈ ಸಲ ನಾನೇ ಹೇಳಬೇಕಾಯಿತು.