ಕೊಸರಿಲ್ಲದ ಅಂಗಡಿ

ಹುಣಸೂರಿನಲ್ಲಿ ಆ ದೊಡ್ಡ ರಿಯಾಯಿತಿ ಸೂಪರ್ ಮಾರ್ಕೆಟ್ ಬಾಗಿಲು ತೆರೆದಾಗ ನಾನು ಅಲ್ಲಿ ಮೊದಲು ಕೊಂಡದ್ದು ತಿಂಗಳ ಪ್ಯಾಡು. ಹೇಳಲು ನನಗೇನೂ ನಾಚಿಕೆಯಿಲ್ಲ. ಮದುವೆಯಾಗಿ ಕಟ್ಟೆಮಳಲವಾಡಿಗೆ ಬಂದು ಹದಿನಾರು ವರ್ಷವಾಗಿದ್ದರೂ ಊರಿನ ಅಂಗಡಿಯಲ್ಲಿ ಅದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಹೊತ್ತು ಮುಳುಗುವ ತನಕ ನಮ್ಮ ಮಾವನೇ ಕೂತಿರುತ್ತಿದ್ದರು. ಗಂಡನಿಗೆ ಹೇಳಿದರೆ ಪೇಪರಿನಲ್ಲಿ ಸುತ್ತಿಸಿ, ಕಪ್ಪು ಕವರಿಗೆ ಹಾಕಿಸಿ, ಅಂಗಿಯೊಳಗೆ ಬಚ್ಚಿಟ್ಟುಕೊಂಡು ತರುತ್ತಿದ್ದರು, ಗಂಧದ ತುಂಡು ಕದ್ದು ತಂದವರ ಹಾಗೆ. ಈ ಅಂಗಡಿಯಲ್ಲಾದರೋ ಒಂದು ಸಾಲಿನ ತುಂಬ ಅವೇ ಇದ್ದವು. ತೆಗೆದುಕೊಂಡು ಬುಟ್ಟಿಗೆ ಹಾಕಿದೆ. ಯಾರೂ ತಲೆಯೆತ್ತಿ ನೋಡಲಿಲ್ಲ. ಬಿಲ್ಲು ಹಾಕುವ ಹುಡುಗಿ ಅಕ್ಕಿ ಬೇಳೆಯ ಜೊತೆ ಅದನ್ನೂ ಮುಂದಕ್ಕೆ ತಳ್ಳಿದಳು. ಇಷ್ಟು ಸಲೀಸಾದ ಕೆಲಸಕ್ಕೆ ಹದಿನಾರು ವರ್ಷ ಒದ್ದಾಡಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ನಮ್ಮತ್ತೆಯನ್ನು ಹೊರಡಿಸಿದ್ದು ಅದಾದ ಮೇಲೆ. ನಮ್ಮ ಮನೆಯಲ್ಲಿ ಸಾಮಾನು ತರುವುದು ಗಂಡಸರ ಕೆಲಸ. ಅತ್ತೆ ಹೊಗೆಸೊಪ್ಪು ಮುರಿಯುತ್ತಾರೆ, ಪೋಣಿಸುತ್ತಾರೆ, ನಾಲ್ಕು ಹಸು ಕರೆಯುತ್ತಾರೆ, ಆದರೆ ಒಂದು ಬೆಂಕಿಪೊಟ್ಟಣವನ್ನೂ ತಾವಾಗಿ ಕೊಂಡವರಲ್ಲ. ಸಂತೆಗೆ ಹೋದರೂ ಚೀಲ ಹಿಡಿದು ಮಾವನ ಹಿಂದೆ ನಿಲ್ಲುವುದಷ್ಟೇ ಅವರ ಪಾಲು. ಈಗ ಬಸ್ಸು ಹೆಂಗಸರಿಗೆ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಇನ್ನೇನಡ್ಡಿ ಎಂದು ನಾನೇ ಮಾವನ ಹತ್ತಿರ ಕೇಳಿದೆ.

ಅವರು ಬೀಡಿ ಆರಿಸಿ ಹೇಳಿದರು: "ಓಗ್ಬನ್ನಿ, ನಾನೇನ್ ಬ್ಯಾಡ ಅನ್ನಕಿಲ್ಲ. ಆದ್ರೆ ನಾಲ್ಕ್ ಜನ ಆಡ್ಕಳಂಗೆ ಏನಾರ ಎಡವಟ್ಟಾದ್ರೆ ಅವತ್ಗೇ ಕೊನೆ. ಆಮ್ಯಾಕೆ ಮೊದ್ಲಂಗೆ ನಾನೇ ತತ್ತೀನಿ."

ಅಂದಿನಿಂದ ಮಂಗಳವಾರ ನಮ್ಮಿಬ್ಬರ ದಿನವಾಯಿತು. ಅತ್ತೆ ಬೆಳಿಗ್ಗೆಯೇ ಕೊಟ್ಟಿಗೆ ಕೆಲಸ ಮುಗಿಸಿ, ತಲೆ ಬಾಚಿ, ನನಗಿಂತ ಮೊದಲು ಬಸ್ಸಿನ ಹತ್ತಿರ ಇರುತ್ತಿದ್ದರು. ಅಂಗಡಿಯೊಳಗೆ ಗಾಡಿ ತಳ್ಳುವುದು ಅವರೇ, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಒಂದು ಸಾಲು ಬಿಡದೆ ನಡೆಯುವರು. ಕೊಳ್ಳದ ಸಾಮಾನನ್ನೂ ಎತ್ತಿ, ತಿರುಗಿಸಿ, ಬೆಲೆ ಕೇಳಿ, ಅಲ್ಲೇ ಇಡುವರು. ಏನು ಬೇಕಮ್ಮ ಎಂದು ಯಾರೂ ಅವಸರ ಮಾಡುತ್ತಿರಲಿಲ್ಲ. ಒಂದು ಸಲ ಮೆಲ್ಲಗೆ ನನ್ನನ್ನು ಕೇಳಿದರು, "ನೋಡ್ಬುಟ್ಟು ತಗಳ್ದೆ ಓದ್ರೆ ಬೈಯ್ಯಕಿಲ್ವ ಇವ್ರು?" ಇಲ್ಲ ಅಂದೆ. ಅವರ ಮುಖದಲ್ಲಿ ಅಂಥ ನಿರಾಳವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹಾಗೆಂದು ಆ ಅಂಗಡಿ ಬಂಗಾರದ್ದಲ್ಲ. ಎರಡು ಕೊಂಡರೆ ಒಂದು ಉಚಿತ ಎಂಬ ಬೋರ್ಡಿಗೆ ಮರುಳಾಗಿ ಕಕ್ಕಸು ತೊಳೆಯುವ ನೀರನ್ನು ಮೂರು ಬಾಟಲಿ ಹೊತ್ತು ತಂದವಳು ನಾನೇ. ಇನ್ನೊಂದು ಸಲ ಅಗ್ಗವೆಂದು ತಂದ ಕಡಲೆಬೇಳೆಯಲ್ಲಿ ಹುಳ ಕಂಡು ಮಾವ, "ಅಗ್ಗ ಅಂತ ಮುಗ್ಗಿದ್ ಜ್ವಾಳ ತಂದಂಗಾಯ್ತು" ಎಂದು ಮೂರು ದಿನ ಹಂಗಿಸಿದರು. ಊರಿನ ಅಂಗಡಿಯವನಾದರೆ, ನಾಳೆ ಮುಖ ನೋಡಬೇಕಲ್ಲ ಎಂಬ ಅಳುಕಿಗಾದರೂ ಬೇಳೆ ಬದಲಾಯಿಸಿ ಕೊಡುತ್ತಾನೆ. ಅತ್ತೆಯ ಮಂಡಿನೋವನ್ನು ವಿಚಾರಿಸುತ್ತಾನೆ. ಇಲ್ಲಿ ಬಾಗಿಲಲ್ಲಿ ನಮ್ಮ ಚೀಲಕ್ಕೆ ದಾರ ಕಟ್ಟುತ್ತಾರೆ, ನಾವು ಏನೋ ತುಂಬಿಕೊಳ್ಳಲೆಂದೇ ಬಂದವರ ಹಾಗೆ. ನನಗೆ ಮೊದಲ ದಿನವೇ ಅದು ಸೇರಲಿಲ್ಲ. ಅತ್ತೆ ಮಾತ್ರ, "ಕಟ್ಲಿ ಬುಡು, ನಮ್ಗೇನ್ ನೋವಾದದ?" ಎಂದು ನಕ್ಕರು.

ನಾಲ್ಕನೆಯದೋ ಐದನೆಯದೋ ಮಂಗಳವಾರ ಇರಬೇಕು. ತರಕಾರಿಯ ಕಡೆ ಒಬ್ಬಳು ಹುಡುಗಿ ನಾವು ಆರಿಸಿದ್ದನ್ನು ತೂಗಿ, ಕವರಿಗೆ ಬೆಲೆಯ ಚೀಟಿ ಅಂಟಿಸಿ ಕೊಡುತ್ತಾಳೆ. ಅತ್ತೆ ಕಾಲು ಕೆ.ಜಿ. ಹಸಿಮೆಣಸಿನಕಾಯಿ ತೂಗಿಸಿಕೊಂಡರು. ನಾನು ಸೊಪ್ಪು ನೋಡಲು ಆಚೆ ಹೋಗಿದ್ದೆ. ಬಂದು ಬಿಲ್ಲಿನ ಸಾಲಿನಲ್ಲಿ ನಿಂತೆವು. ನಮ್ಮ ಹಿಂದೆಯೇ ನಮ್ಮ ಬೀದಿಯ ಹೆಂಗಸೊಬ್ಬಳು ನಿಂತಿದ್ದಳು. ಅವಳ ಬಾಯಿಗೆ ಬಿದ್ದ ಸುದ್ದಿಗೆ ಬೇರೆ ಡಂಗುರ ಬೇಕಿಲ್ಲ.

ಬಿಲ್ಲು ಹಾಕುವವಳು ಮೆಣಸಿನಕಾಯಿಯ ಕವರನ್ನು ಕೈಯಲ್ಲಿ ತೂಗಿ ನೋಡಿದಳು. ಆಮೇಲೆ ತಕ್ಕಡಿಯ ಮೇಲಿಟ್ಟಳು. ಚೀಟಿಯಲ್ಲಿದ್ದ ತೂಕಕ್ಕಿಂತ ಹೆಚ್ಚು ಬಂತು. ಕೈಯೆತ್ತಿ ಮೇಲ್ವಿಚಾರಕನನ್ನು ಕರೆದಳು. ಕುತ್ತಿಗೆಗೆ ಕಾರ್ಡು ತೂಗುಹಾಕಿಕೊಂಡವನೊಬ್ಬ ಬಂದು, ಚೀಟಿ ಅಂಟಿಸಿದ ಮೇಲೆ ಇದಕ್ಕೆ ಕಾಯಿ ಹಾಕಿದವರು ಯಾರು ಎಂದು ಕೇಳಿದ.

ಅತ್ತೆ ಒಂದು ಚೂರೂ ಅಳುಕದೆ, "ನಾನೇ ಕಣಪ್ಪ. ನಿಮ್ಮುಡ್ಗಿ ತೂಕ ಮಾಡ್ಬುಟ್ಟು ಕೊಸ್ರು ಆಕ್ನಿಲ್ಲ, ಮರ್ತ್ಬುಟ್ಟಿದ್ಲು. ನಾನೇ ಒಂದಿಡಿ ಆಕಂಡೆ" ಎಂದರು.

ತೂಕವಾದ ಮೇಲೆ ಒಂದು ಹಿಡಿ ಕೊಸರು ಹಾಕದ ವ್ಯಾಪಾರಿ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಸೊಪ್ಪಿನವಳೂ ಹಾಕುತ್ತಾಳೆ, ಕಡ್ಲೆಪುರಿಯವನೂ ಹಾಕುತ್ತಾನೆ. ಅವರು ಮರೆತರೆ ನಾವೇ ಹಾಕಿಕೊಳ್ಳುತ್ತೇವೆ, ಅವರೂ ಹಾಕ್ಕೊಳ್ಳವ್ವ ಅನ್ನುತ್ತಾರೆ. ಈ ಅಂಗಡಿಯಲ್ಲಿ ಕೊಸರಿಲ್ಲವೆಂದು ಅತ್ತೆಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಕೊಸರು ಗಿಸರು ಇಲ್ಲಿ ನಡೆಯಲ್ಲಮ್ಮ. ಬಿಲ್ ಇಲ್ದೆ ಹಾಕ್ಕೊಂಡ್ರೆ ಅದನ್ನ ಕಳ್ತನ ಅಂತಾರೆ," ಎಂದ ಅವನು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

ನನಗೆ ಮೂಗಿನ ತುದಿಯಲ್ಲೇ ಕೋಪ. "ಕದ್ದೋರು ಹಿಂಗೆ ನಾನೇ ಆಕಂಡೆ ಅಂತ ಬಾಯ್ಬುಟ್ಟು ಹೇಳ್ತಾರಾ? ನಿಮ್ಮ ತಾಯಿ ವಯಸ್ಸಿನೋರು, ಮಾತು ನೋಡಿ ಆಡ್ರಿ," ಎಂದು ಏರಿ ಹೋದೆ. ಅವನು ತಬ್ಬಿಬ್ಬಾದ. ಆಯ್ತಮ್ಮ, ಹೋಗ್ಲಿ ಬಿಡಿ ಎಂದು ಬೇರೆ ಚೀಟಿ ಅಂಟಿಸಲು ಹೇಳಿ ಹೋದ. ಆದರೆ ಅಷ್ಟರಲ್ಲಿ ಅತ್ತೆ ಕವರು ಬಿಚ್ಚಿ, ಒಂದು ಹಿಡಿ ಕಾಯಿ ತೆಗೆದು ಮೇಜಿನ ಮೇಲಿಟ್ಟಿದ್ದರು. ಹಿಂದಿನಿಂದ ನಮ್ಮ ಬೀದಿಯವಳು, "ಏನಾಯ್ತಕ್ಕ?" ಎಂದಳು, ಎಲ್ಲ ಕೇಳಿಸಿಕೊಂಡ ಮೇಲೆ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮಂಗಳವಾರ ಮುಗಿಯಿತು, ಇನ್ನು ಅತ್ತೆ ಕೊಟ್ಟಿಗೆಗೆ, ನಾನು ಕಪ್ಪು ಕವರಿಗೆ ಎಂದುಕೊಂಡೆ. ಇಳಿಯುವ ಮುಂಚೆ, "ಮಾವಂಗೆ ಏನೂ ಹೇಳೋದು ಬ್ಯಾಡ ಅತ್ತೆ. ನಮ್ಮ ಬೀದಿಯವಳ ಹತ್ರ ನಾನು ಮಾತಾಡ್ತೀನಿ," ಎಂದೆ. ಅವರು ಚೀಲ ಎತ್ತಿಕೊಂಡು ನನಗಿಂತ ಮೊದಲು ಇಳಿದರು.

ಮಾವ ಜಗಲಿಯ ಮೇಲಿದ್ದರು. ಅತ್ತೆ ಅವರ ಮುಂದೆ ನಿಂತು, ಕೈಯಲ್ಲಿದ್ದ ಚೀಲವನ್ನೂ ಇಳಿಸದೆ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಕಳ್ಳತನ ಎಂಬ ಮಾತನ್ನೂ ಬಿಡಲಿಲ್ಲ.

ಮಾವನ ಮುಖ ಕೆಂಪಾಯಿತು. "ನಾನ್ ಅವತ್ತೇ ಯೋಳ್ನಿಲ್ವ? ಇನ್ನ ಅಲ್ಗೋಗಾದ್ ಬ್ಯಾಡ. ಏನ್ ಬೇಕೋ ನಾನ್ ತಂದಾಕ್ತೀನಿ."

"ನಲವತ್ ವರ್ಸ ತಂದಾಕುದ್ರಿ," ಎಂದರು ಅತ್ತೆ. ದನಿ ಏರಿರಲಿಲ್ಲ. "ನೀವ್ ತಂದುದ್ನ ಉಂಡೆ, ತಂದುದ್ನ ಉಟ್ಟೆ. ಮೈಗಾಕಳ ಸೋಪೂ ನೀವ್ ತಂದುದ್ದೇ. ನಿಂಗ್ಯಾವ್ದು ಬೇಕು ಅಂತ ನೀವ್ ಕೇಳ್ನಿಲ್ಲ, ನಾನೂ ಯೋಳ್ನಿಲ್ಲ. ಅವ್ನು ಕಳ್ತನ ಅಂದ, ಅನ್ಲಿ. ನಾನ್ ಕಳ್ಳಿ ಅಲ್ಲ ಅಂತ ನಂಗೊತ್ತು, ನಿಮ್ಗೂ ಗೊತ್ತು. ಮುಂದ್ಲ ಮಂಗ್ಳಾರ ನಾನ್ ಓಯ್ತೀನಿ."

ನಾನು ಕಂಬದ ಹತ್ತಿರ ನಿಂತಿದ್ದೆ. ಆ ಮನೆಯಲ್ಲಿ ಯಾರೂ ಮಾವನಿಗೆ ಹಾಗೆ ಎದುರು ನಿಂತು ಮಾತಾಡಿದ್ದು ಕಾಣೆ. ಮಾವ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ.

"ಅದ್ಸರಿ," ಎಂದರು ಕೊನೆಗೆ, ಅತ್ತೆಯ ಮುಖ ನೋಡದೆ. "ಯಾವ್ ಸೋಪು ಬೇಕಿತ್ತು ನಿಂಗೆ?"

ಅತ್ತೆ ಯೋಚಿಸಿದರು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ನಂಗೂ ಇನ್ನ ಗೊತ್ತಿಲ್ಲ," ಎಂದರು. "ಓಗ್ ನೋಡ್ಬೇಕು."