ಡಾ. ಶರಾವತಿಯವರು ಹಿಂಪಡೆದ ಪ್ರಬಂಧ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಕ್ಷಿಪಟಲದ ಅಭಿಧಮನಿ ಕಟ್ಟಿಕೊಂಡು ದೃಷ್ಟಿ ಮಬ್ಬಾದವರಿಗೆ ಮೂವತ್ತೊಂದು ವರ್ಷಗಳಿಂದ ಮೊದಲು ನೆನಪಾಗುವ ಹೆಸರು ಡಾ. ಶರಾವತಿಯವರದು. ಅವರ ನಿವೃತ್ತಿಯ ಈ ಸಂಪುಟಕ್ಕಾಗಿ ಸಂಪಾದಕರು ಅವರ ಸಂಶೋಧನಾ ಪ್ರಬಂಧಗಳ ಪಟ್ಟಿ ಕೇಳಿದರು. ಪಟ್ಟಿಯಲ್ಲಿ ಬರೆಯಲು ಒಂದೂ ಇಲ್ಲ. ಅದಕ್ಕೆ ನಾನು ನಾಚುವುದಿಲ್ಲ. ಯಾಕಿಲ್ಲ ಎಂಬುದನ್ನು ಹತ್ತೊಂಬತ್ತು ವರ್ಷ ಅವರ ಸಹಾಯಕನಾಗಿ ದುಡಿದ ನಾನೇ ಹೇಳುತ್ತೇನೆ.

ಗಾಬರಿ, ಚಳಿ, ನೋವು ಬಂದಾಗ ನಮ್ಮ ಅಪ್ಪಣೆ ಕೇಳದೆ ರಕ್ತನಾಳಗಳನ್ನು ಬಿಗಿಯುವವು ಅನುವೇದನಾ ನರಗಳು. ಅಭಿಧಮನಿ ಕಟ್ಟಿದ ಕಣ್ಣಿನಲ್ಲಿ ರಕ್ತದ ಹರಿವನ್ನು ಅವು ಇನ್ನಷ್ಟು ಕುಗ್ಗಿಸುತ್ತವೆಯೇ ಎಂಬುದು ಮೇಡಂ ಅವರ ಪ್ರಶ್ನೆ. ರೋಗಿಯ ಕೈಯನ್ನು ಒಂದು ನಿಮಿಷ ಐಸ್ ನೀರಿನಲ್ಲಿರಿಸಿ, ಮೊದಲೂ ಆಮೇಲೂ ಹರಿವನ್ನು ಯಂತ್ರದಲ್ಲಿ ಅಳೆಯುತ್ತಿದ್ದರು. ಹದಿನಾಲ್ಕು ತಿಂಗಳು, ನಲವತ್ತೊಂದು ಜನ. ತಾಲ್ಲೂಕು ಊರಿನಲ್ಲಿ ಕೂತು ಸಂಶೋಧನೆಯೇ ಎಂದು ನಕ್ಕಿದ್ದ ಬೆಂಗಳೂರಿನ ಹಿರಿಯ ವೈದ್ಯರೇ ಕೊನೆಗೆ ಪ್ರಬಂಧಕ್ಕೆ ತಮ್ಮ ಹೆಸರನ್ನೂ ಸೇರಿಸಲು ಒಪ್ಪಿದರು. ಅದು ಅಚ್ಚಿಗೂ ಸ್ವೀಕಾರವಾಯಿತು.

ಅದೇ ವಾರ ಮರುತಪಾಸಣೆಗೆ ಬಂದ ಹೊಸನಗರದ ಕನ್ನಮ್ಮ, ಆ ನಲವತ್ತೊಂದು ಜನರಲ್ಲಿ ಒಬ್ಬರು, ಮೇಡಂ ಅವರನ್ನು ಕೇಳಿದರು: "ಈ ಸಲ ಕವಳ ಇಲ್ವಾ ಅಮ್ಮಾ? ಹೋದ್ಸಲ ಕೈ ಅದ್ದೋಕ್ ಮುಂಚೆ ನಿಮ್ ಪೂರ್ಣೇಶ ಕೊಟ್ಟಿದ್ನಲ."

ಹೆದರಿದವರ ಸಮಾಧಾನಕ್ಕೆಂದು ನಾನು ಎಲೆ ಅಡಿಕೆಯ ಕವಳ ಕೊಡುತ್ತಿದ್ದೆ. ಯಾರಿಗೆ ಕೊಟ್ಟೆ, ಯಾರಿಗಿಲ್ಲ, ನೆನಪಿಲ್ಲ. ಅಡಿಕೆ ಜಗಿದರೆ ಮೈ ಬಿಸಿಯೇರುತ್ತದೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಆ ಬಿಸಿಯೂ ಅದೇ ನರಗಳ ಕೆಲಸ. ಅಳೆಯಹೊರಟ ನರಗಳನ್ನು ಐಸಿಗಿಂತ ಮೊದಲೇ ನಾನು ಎಬ್ಬಿಸಿ ಕೂರಿಸಿದ್ದೆ.

"ಯಾರು ಕೇಳ್ತಾರೆ, ಬಿಡಿ" ಎಂದರು ಬೆಂಗಳೂರಿನ ಹಿರಿಯರು, ಫೋನಿನಲ್ಲಿ.

"ನಾನು ಕೇಳ್ತೀನಲ್ಲ" ಎಂದ ಮೇಡಂ ಪ್ರಬಂಧವನ್ನು ಹಿಂಪಡೆದರು.

ತಪ್ಪು ಮಾಡಿದವನನ್ನು ಕೆಲಸದಿಂದ ತೆಗೆಯಲು ಆಸ್ಪತ್ರೆಯ ಆಡಳಿತ ಮಂಡಳಿ ಅವನ ಹೆಸರು ಕೇಳಿತು. ಲಿಖಿತವಾಗಿ, ಎರಡು ಸಲ. 'ವಿಭಾಗ ನನ್ನದು, ತಪ್ಪೂ ನನ್ನದು' ಎಂದು ಮೇಡಂ ಎರಡು ಸಲವೂ ಅದೇ ಸಾಲು ಬರೆದುಕೊಟ್ಟರು. ಬರಬೇಕಿದ್ದ ಮುಖ್ಯ ವೈದ್ಯರ ಹುದ್ದೆ ಕೈತಪ್ಪಿತು. ನನಗೆ ಹೇಳಿದ್ದು ಇಷ್ಟೇ: "ಪೂರ್ಣೇಶ್, ಇನ್ಮೇಲೆ ಮೊದ್ಲು ಬಾಯಿ ನೋಡಿ, ಆಮೇಲೆ ಕಣ್ಣು." ಆ ದಿನ ನಾನು ಔಷಧದ ಕೋಣೆಗೆ ಹೋಗಿ ಅತ್ತೆ. ಮುಂದಿನ ತಿಂಗಳೇ ಅಳತೆ ಹೊಸದಾಗಿ ಶುರುವಾಯಿತು, ಯಂತ್ರ ಬಿಡುವಾಗಿರುವ ಭಾನುವಾರಗಳಲ್ಲಿ ಮಾತ್ರ.

ಮಂಡಳಿಯವರೂ ಈ ಸಂಪುಟವನ್ನು ಓದುತ್ತಾರೆಂದು ಬಲ್ಲೆ. ತಾವು ಕೇಳಿದ್ದ ಹೆಸರು ಇಲ್ಲಿದೆ: ಪೂರ್ಣೇಶ್, ಕೋಣಂದೂರು. ಏನು ಬೇಕಾದರೂ ಮಾಡಿಕೊಳ್ಳಿ.

ಮೇಡಂ, ನಿಮಗೆ ನೂರು ವರ್ಷ ಆಯಸ್ಸಿರಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಇನ್ನೂ ಒಂಬತ್ತು ಜನರ ಅಳತೆ ಬಾಕಿ ಇದೆ. ಭಾನುವಾರ ಐಸ್ ತಂದಿಟ್ಟಿರುತ್ತೇನೆ.