ಬಿಸಿಯಾಗದ ಎಂಜಿನ್

ಇದನ್ನು ನಂಬಿ ಎಂದು ನಾನು ಯಾರನ್ನೂ ಕೈಮುಗಿದು ಕೇಳುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ. ಅಮೆರಿಕದ ರೆಡ್ಮಂಡಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರುವವನು ನಾನು. ಇನ್ನೊಬ್ಬರು ‘ಸರಿಯಾಗಿದೆ’ ಎಂದದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ. ಆದರೂ ಇದು ನಡೆದದ್ದು ನನ್ನ ಗ್ಯಾರೇಜಿನಲ್ಲಿ, ನನ್ನ ಕಣ್ಣೆದುರಿಗೆ.

ಕಾರು ಹಳೆಯದು. ಮಗಳು ಅನಘಾಳಿಗೆ ಲೈಸೆನ್ಸ್ ಬಂದಾಗ ಹತ್ತಿರದ ಮುಕಿಲ್ಟಿಯೊ ಊರಿನ ದಿನೇಶ್ ಎಂಬವರಿಂದ ಕೊಂಡದ್ದು. ಮಂಗಳೂರು ಕಡೆಯವರು. ಕಾರು ನೋಡಲು ಹೋದವನನ್ನು ಒಳಗೆ ಕೂರಿಸಿ ನೀರ್‌ದೋಸೆ ಬಡಿಸಿದರು. ಮೂರನೆಯ ದೋಸೆಯಾದ ಮೇಲೆ ‘ಸ್ವಲ್ಪ ಬಾನೆಟ್ ಎತ್ತಿ’ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ನಮ್ಮವರಲ್ಲವೇ... ಬೇರೆಯವರ ಕಾರಾಗಿದ್ದರೆ ಟೈರನ್ನಾದರೂ ಒದ್ದು ನೋಡುತ್ತಿದ್ದೆ.

ಮನೆಗೆ ತಂದ ವಾರದಲ್ಲೇ ಅದರ ಗುಣ ಬಯಲಾಯಿತು. ಹಿಂದಿನಿಂದ ಕಪ್ಪು ಹೊಗೆ. ಮೂಗು ಹಿಡಿದು ನಿಲ್ಲುವಷ್ಟು ಪೆಟ್ರೋಲ್ ವಾಸನೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಾಡಿಗೆಯಲ್ಲಿ ಅದ್ದಿ ತೆಗೆದ ಹಾಗೆ ಮಸಿ. ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುವ ಕಾಯಿಲೆ; ‘ರಿಚ್ ಮಿಕ್ಸ್ಚರ್’ ಎಂದು ಅದಕ್ಕೊಂದು ಗೌರವದ ಹೆಸರು.

ಹೆಂಡತಿ ಸುಧಾ ತೀರ್ಪು ಕೊಟ್ಟಳು. “ಸೋಮವಾರದಿಂದ ಅವಳು ಇದ್ರಲ್ಲೇ ಕಾಲೇಜಿಗೆ ಹೋಗ್ಬೇಕು. ಫ್ರೀವೇ ಮಧ್ಯೆ ಕೆಟ್ಟು ನಿಂತ್ರೆ ಏನ್ರೀ ಗತಿ? ಭಾನುವಾರದೊಳಗೆ ಸರಿ ಮಾಡಿ. ಇಲ್ಲಾಂದ್ರೆ ಗುಜರಿಗೆ ಹಾಕಿ.”

ಜನವರಿಯ ಭಾನುವಾರ. ಇಲ್ಲಿ ಆಗ ಸಂಜೆ ಐದಕ್ಕೇ ಕಗ್ಗತ್ತಲು. ಹೊಗೆ ಹೊರಗೆ ಹೋಗಲೆಂದು ಗ್ಯಾರೇಜಿನ ಬಾಗಿಲು ಎತ್ತಿಟ್ಟು, ಚಳಿಯಲ್ಲಿ ನಡುಗುತ್ತಾ ನಿಂತಿದ್ದೆ. ಏರ್ ಫಿಲ್ಟರ್ ಬದಲಿಸಿಯಾಗಿತ್ತು. ಆಕ್ಸಿಜನ್ ಸೆನ್ಸರ್ ಬದಲಿಸಿಯಾಗಿತ್ತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಹಬ್ಬಕ್ಕೆ ಬೆಳ್ಳಿ ಲೋಟ ತೊಳೆದಂತೆ ತೊಳೆದಿದ್ದೆ. ಹೊಗೆ ಮಾತ್ರ ಕಿಂಚಿತ್ತೂ ಸಂಕೋಚವಿಲ್ಲದೆ ಬರುತ್ತಲೇ ಇತ್ತು.

ಕೊನೆಗೆ, ಕಾರಿನ ಕಂಪ್ಯೂಟರಿನೊಳಗಿನ ಅಂಕಿ ತೋರಿಸುವ ಸ್ಕ್ಯಾನರ್ ಸಿಕ್ಕಿಸಿ ಒಂದೊಂದೇ ಅಂಕಿ ಓದಿದೆ. ಎಂಜಿನ್ ಉಷ್ಣತೆ: ಎಂಟು ಡಿಗ್ರಿ ಸೆಲ್ಸಿಯಸ್.

ಅರ್ಧ ಗಂಟೆಯಿಂದ ಓಡುತ್ತಿರುವ ಎಂಜಿನ್ ಅದು. ತೊಂಬತ್ತರ ಹತ್ತಿರ ಇರಬೇಕು. ಮುಟ್ಟಿ ನೋಡಿದೆ, ಬೆರಳು ಚುರ್ರೆಂದಿತು.

ಕಳ್ಳ ಸಿಕ್ಕಿದ ಅಂದುಕೊಂಡೆ. ಎಂಜಿನ್ ತಣ್ಣಗಿದೆ ಎಂದು ಕಾರಿನ ಕಂಪ್ಯೂಟರ್ ನಂಬಿದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ತಪ್ಪೆಲ್ಲ ಉಷ್ಣತೆ ಅಳೆಯುವ ಸೆನ್ಸರಿನದು. ಹೊಸದೊಂದು ತಂದಿಟ್ಟಿದ್ದೆ, ಹಾಕಿದೆ.

ಎಂಟು.

ವೈರುಗಳನ್ನು ಮೀಟರ್ ಹಿಡಿದು ಪರೀಕ್ಷಿಸಿದೆ. ಎಲ್ಲವೂ ಸರಿ. ಹಲ್ಲು ಕಚ್ಚಿ ಸೆನ್ಸರಿನ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದೆ. ವೈರ್ ಇಲ್ಲದಿದ್ದರೆ ಸ್ಕ್ಯಾನರ್ ಮೈನಸ್ ನಲವತ್ತು ತೋರಿಸಬೇಕು. ಅದು ಶಾಸ್ತ್ರ.

ಎಂಟು...

ನನ್ನ ವೃತ್ತಿಯಲ್ಲಿ ಇಂಥ ಹೊತ್ತಿನಲ್ಲಿ ಕೋಡ್ ಬರೆದವನಿಗೆ ಫೋನ್ ಮಾಡುವುದು ಪದ್ಧತಿ. ದಿನೇಶರಿಗೆ ಮಾಡಿದೆ. ರೇಗಿಕೊಂಡೇ ಎಲ್ಲ ಹೇಳಿದೆ.

“ಎಂಟಾ?” ಅವರ ದನಿ ತಗ್ಗಿತ್ತು. “ನೀವು ಒಬ್ಬರೇ ಇದ್ದೀರಾ ಗಾಡಿ ಹತ್ರ?”

“ಹೂಂ. ಯಾಕೆ?”

“ಹಾಗಾದ್ರೆ ಎಂಟೇ ತೋರಿಸುದು, ಮಾರಾಯ್ರೆ.”

ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಅಂದಿನಿಂದ ಇಂದಿನವರೆಗೂ ಎತ್ತಿಲ್ಲ.

ಅಷ್ಟರಲ್ಲಿ ಅನಘಾ ಬಂದಳು. “ಅಪ್ಪಾ, ಡಿನ್ನರ್. ಅಮ್ಮ ಈಸ್ ಗೆಟಿಂಗ್ ಮ್ಯಾಡ್.”

“ಎರಡು ನಿಮಿಷ ಪುಟ್ಟಿ. ಒಳಗೆ ಕೂತ್ಕೊಂಡು ಸ್ವಲ್ಪ ಆಕ್ಸಿಲರೇಟರ್ ಒತ್ತು.”

ಅವಳು ಕೂತು ಬಾಗಿಲೆಳೆದುಕೊಂಡಳು. ಎಲ್ಲೋ ಒಳಗೆ ‘ಟಿಕ್’ ಎಂದಿತು. ಸ್ಕ್ಯಾನರಿನಲ್ಲಿ ಅಂಕಿ ಏರತೊಡಗಿತು... ಹನ್ನೆರಡು... ಇಪ್ಪತ್ತು... ಮೂವತ್ತು... ಮೂವತ್ತೇಳಕ್ಕೆ ನಿಂತಿತು. ವೈರ್ ಇನ್ನೂ ನನ್ನ ಕೈಯಲ್ಲೇ ಇತ್ತು. ಎಂಜಿನ್ನಿನ ನಡುಕ ನಿಂತು ಸದ್ದು ನುಣುಪಾಯಿತು. ಹೊಗೆ ಇಲ್ಲ. ವಾಸನೆಯೂ ಇಲ್ಲ.

“ಯು ಫಿಕ್ಸ್ಡ್ ಇಟ್!” ಎಂದಳು.

“ಇಳಿ,” ಎಂದೆ.

ಇಳಿದಳು. ಎಂಟು. ಕಪ್ಪು ಹೊಗೆ. ನಾನು ಕೂತು ನೋಡಿದೆ, ಎಂಟು. ಮತ್ತೆ ಅವಳನ್ನು ಕೂರಿಸಿದೆ, ಮೂವತ್ತೇಳು. ಹೀಗೆ ಆರು ಸಲ ಹತ್ತಿಸಿ ಇಳಿಸಿದೆ. ಟೆಸ್ಟಿಂಗ್ ಮಾಡುವವನ ಚಟ. ಏಳನೆಯ ಸಲಕ್ಕೆ ಅವಳು “ಐ ಆಮ್ ಹಂಗ್ರೀ” ಎಂದು ಒಳಗೆ ಹೋದಳು.

ಏನೆಂದು ಹೇಳಲಿ ಸುಧಾಳಿಗೆ? “ಸರಿಯಾಯ್ತೇನ್ರೀ?” ಎಂದಳು. “ಅನಘಾ ಓಡಿಸಿದ್ರೆ ಸರಿಯಿರತ್ತೆ,” ಎಂದೆ. “ನಿಮಗೆ ಮೊದಲಿಂದ್ಲೂ ಕಾರು ಓಡ್ಸೋಕೆ ಬರಲ್ಲ ಬಿಡಿ,” ಎಂದು ಅನ್ನ ಬಡಿಸಿದಳು.

ವೈರ್ ಮತ್ತೆ ಸಿಕ್ಕಿಸಿದೆ, ಏನೂ ವ್ಯತ್ಯಾಸವಿಲ್ಲ. ಮೂರು ವಾರ ಮಗಳು ಓಡಿಸಿದಳು. ಒಂದು ದಿನವೂ ಕೆಮ್ಮಲಿಲ್ಲ ಆ ಕಾರು. ಸಾಕು, ಹೀಗೇ ಇದ್ದುಬಿಡಲಿ ಎಂದು ನಾನೂ ಸುಮ್ಮನಾಗುತ್ತಿದ್ದೆನೇನೋ...

ಫೆಬ್ರವರಿಯಲ್ಲಿ ಅವಳಿಗೆ ಜ್ವರ ಬಂತು. ಎರಡು ದಿನದಿಂದ ಕಾರು ಗ್ಯಾರೇಜು ಬಿಟ್ಟು ಅಲುಗಿರಲಿಲ್ಲ. ಸಂಜೆ, ಯಾಕೆಂದು ಕೇಳಬೇಡಿ, ಕೆಳಗಿಳಿದು ಸ್ಕ್ಯಾನರ್ ಸಿಕ್ಕಿಸಿದೆ. ಎಂಜಿನ್ ಶುರು ಮಾಡಲಿಲ್ಲ, ಕೀ ಮಾತ್ರ ತಿರುಗಿಸಿದೆ. ಬಾನೆಟ್ ಕಲ್ಲಿನಷ್ಟು ತಣ್ಣಗಿತ್ತು.

ಅಂಕಿ ಮೂವತ್ತೊಂಬತ್ತು.

ಮೆಟ್ಟಿಲ ಮೇಲಿಂದ ಸುಧಾ ಮೆಲ್ಲಗೆ ಕರೆದಳು. “ರೀ... ನೂರಾ ಎರಡಾಗಿದೆ. ಮಾತ್ರೆ ಎಲ್ಲಿಟ್ರಿ?”

ನೂರಾ ಎರಡನ್ನು ಸೆಲ್ಸಿಯಸ್‌ಗೆ ತಿರುಗಿಸುವ ಲೆಕ್ಕ ನನಗೆ ಬಾಯಿಪಾಠ. ಆ ಹೊತ್ತಿನಲ್ಲಿ ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಮೂವತ್ತೊಂಬತ್ತು ಬಂತು.

ಮಾತ್ರೆ ಕೊಟ್ಟು ಬಂದು ಆ ಕಾರಿನಲ್ಲೇ ಕೂತೆ; ಈ ಸಲ ನಾನು ಕೂತರೂ ಅಂಕಿ ಎಂಟಕ್ಕೆ ಇಳಿಯಲಿಲ್ಲ. ಮೂವತ್ತೊಂಬತ್ತು ಮೂವತ್ತೆಂಟಾಯಿತು. ಮೂವತ್ತೇಳಕ್ಕೆ ಬಂದಾಗ ಮೇಲೆ ಹೋದೆ. ಮಗು ಬೆವತು, ಹೊದಿಕೆ ಒದ್ದು ಮಲಗಿತ್ತು.

ಅವಳೀಗ ಹುಷಾರಾಗಿದ್ದಾಳೆ. ಸುಧಾ ಹೊಸ ಕಾರಿನ ಮಾತೆತ್ತಿದ್ದಾಳೆ, ಹಳೆಯದನ್ನು ಗುಜರಿಗೆ ಕೊಡಿ ಎನ್ನುತ್ತಾಳೆ. ಮೊದಲು ನಾನು ಕೂತರೆ ಎಂಟೇ ಯಾಕೆ ತೋರಿಸುತ್ತಿತ್ತು ಎಂದು ಯೋಚಿಸುವುದನ್ನು ಬಿಟ್ಟಿದ್ದೇನೆ. ಇಂಟರ್ನೆಟ್ಟಿನಲ್ಲಿ ಇಂಥ ದೋಷಕ್ಕೆ ಎಲ್ಲ ಮೆಕ್ಯಾನಿಕ್ಕುಗಳೂ ಒಂದೇ ಮದ್ದು ಹೇಳುತ್ತಾರೆ: ಬ್ಯಾಟರಿ ವೈರ್ ಹದಿನೈದು ನಿಮಿಷ ಬಿಚ್ಚಿಡಿ, ಕಂಪ್ಯೂಟರಿನ ನೆನಪೆಲ್ಲ ಅಳಿಸಿ ಹೋಗುತ್ತದೆ.

ಸ್ಪ್ಯಾನರ್ ಹಿಡಿದು ಹೋಗುತ್ತೇನೆ. ನಟ್ಟಿಗೆ ಹಚ್ಚುತ್ತೇನೆ. ಮೇಲಿನ ಕೋಣೆಯಲ್ಲಿ ಅವಳು ಯಾರ ಜೊತೆಗೋ ಫೋನಿನಲ್ಲಿ ನಗುತ್ತಿರುವುದು ಕೇಳಿಸುತ್ತದೆ... ಕೈ ತೆಗೆದುಬಿಡುತ್ತೇನೆ.

ಬ್ಯಾಟರಿ ತಾನಾಗಿ ಇಳಿದುಹೋಗದಿರಲೆಂದು ಮೊನ್ನೆ ಒಂದು ಚಾರ್ಜರ್ ತಂದು ಸಿಕ್ಕಿಸಿದ್ದೇನೆ. ರಾತ್ರಿ ಎರಡು ಸಲ ಎದ್ದು, ಅದರ ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡಿ ಬರುತ್ತೇನೆ.